ಸ್ನಾನದ ತೊಟ್ಟಿಯಲ್ಲಿ ಆರ್ಕಿಮಿಡೀಸ್

ವಯಸ್ಸಾದಂತೆ ಕೋಪ ತಾನಾಗಿ ಇಳಿಯುತ್ತದೆ ಎಂದು ನನ್ನನ್ನು ನಂಬಿಸಿದವರ ಮೇಲೆಯೇ ನನಗೆ ಈಗ ಹೆಚ್ಚು ಕೋಪ. ನಿತ್ಯ ಎರಡು ಹೊತ್ತು ಸಂಧ್ಯಾವಂದನೆ ಮಾಡುತ್ತೇನೆ, ಈರುಳ್ಳಿ ಮುಟ್ಟುವುದಿಲ್ಲ, ಅಮೆರಿಕದ ಮುಕಿಲ್ಟಿಯೊದಲ್ಲಿರುವ ಮಗಳ ಮನೆಯ ಕಿಟಕಿಯಿಂದ ಫೆರಿ ದೋಣಿ ಹೋಗಿಬರುವುದನ್ನು ನೋಡುತ್ತ ಸಾಧ್ಯವಾದಷ್ಟು ಶಾಂತನಾಗಿರುತ್ತೇನೆ. ಆದರೂ ಎರಡು ಸಾವಿರ ವರ್ಷಗಳಿಗೂ ಹಿಂದೆ ತೀರಿಹೋದ ಒಬ್ಬ ಗ್ರೀಕ್ ಗಣಿತಜ್ಞರ ನಿಮಿತ್ತ ಕಳೆದ ನವರಾತ್ರಿಯಲ್ಲಿ ನನಗೆ ಬಂದ ಕೋಪವನ್ನು ಯಾವ ಪ್ರಾಣಾಯಾಮವೂ ಇಳಿಸಲಿಲ್ಲ. ರಕ್ತದೊತ್ತಡ ನೋಡಿದ ವೈದ್ಯೆ, ಇತ್ತೀಚೆಗೆ ಮನಸ್ಸಿಗೆ ಹಿಂಸೆಯಾಗುವಂಥದ್ದೇನಾದರೂ ನಡೆಯಿತೇ ಎಂದು ಕೇಳಿದರು. "ಆರ್ಕಿಮಿಡೀಸ್" ಎಂದೆ. ಆಕೆ ಬರೆಯುವುದನ್ನು ನಿಲ್ಲಿಸಿ ನನ್ನ ಮಗಳು ಪದ್ಮಿನಿಯ ಮುಖ ನೋಡಿದರು. ಪದ್ಮಿನಿ ಗೋಡೆಗೆ ತೂಗುಹಾಕಿದ್ದ ಮೂತ್ರಪಿಂಡದ ಚಿತ್ರವನ್ನು ನೋಡಿದಳು.

ನಾನು ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ರೇಖಾಗಣಿತ ಕಲಿಸಿ ನಿವೃತ್ತನಾದವನು. ಅದಕ್ಕೂ ಮೊದಲು ಪಾಠಶಾಲೆಯಲ್ಲಿ ಸಂಸ್ಕೃತ ಓದಿದವನಾದ್ದರಿಂದ, ವಿದ್ಯೆ ಕೊಟ್ಟವರಿಗೆ ಕೈಮುಗಿಯದೆ ಪುಸ್ತಕ ತೆರೆಯುವ ಅಭ್ಯಾಸ ನನಗಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾವುದೋ ವಿದೇಶೀ ಪತ್ರಿಕೆಯಲ್ಲಿ ಆರ್ಕಿಮಿಡೀಸ್ ಮಹಾಶಯರ ಅಮೃತಶಿಲೆಯ ಅರ್ಧಪ್ರತಿಮೆಯ ಚಿತ್ರ ಕಂಡಿತು. ಗುಂಗುರು ಗಡ್ಡ, ಗಂಭೀರವಾದ ನೋಟ, ಹೆಗಲಿನ ಮೇಲೆ ಉತ್ತರೀಯದ ಅಂಚು. ಋಷಿ ಎಂದರೆ ಹೀಗಿರಬೇಕು ಎನಿಸಿತು. ಕತ್ತರಿಸಿ, ಗಾಜು ಕಟ್ಟು ಹಾಕಿಸಿ, ಪೂಜೆಯ ಗೂಡಿನ ಕೆಳಗಿನ ಹಲಗೆಯಲ್ಲಿ ಇರಿಸಿಕೊಂಡೆ. ಅಮೆರಿಕಕ್ಕೆ ಬರುವಾಗ ಪಂಚೆಯಲ್ಲಿ ಸುತ್ತಿ ತಂದೆ. ನಿತ್ಯವೂ ಅವರಿಗೊಂದು ಹೂವು ಸಲ್ಲುತ್ತದೆ. ಮನೆಗೆ ಬಂದವರು ಅವರನ್ನು ವ್ಯಾಸರೆಂದೋ ವಸಿಷ್ಠರೆಂದೋ ತಿಳಿದು ಕೈಮುಗಿದು ಹೋಗುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ.

ಮುಕಿಲ್ಟಿಯೊಗೆ ಬಂದ ಮೇಲೂ ಪದ್ಮಿನಿ ಗೊಂಬೆ ಹಬ್ಬವನ್ನು ಬಿಟ್ಟಿಲ್ಲ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಮರದ ಪಟ್ಟದ ಗೊಂಬೆಗಳು, ರಾಜ ಮತ್ತು ರಾಣಿ. ಅದರ ಕೆಳಗೆ ದೇವರುಗಳು. ನಂತರ ವಿದ್ಯಾವಂತರು, ಶೆಟ್ಟರು, ತರಕಾರಿಯವರು. ಕಳೆದ ಸಲ ಹೈಸ್ಕೂಲಿನಲ್ಲಿ ಓದುವ ಮೊಮ್ಮಗಳು ಗೌತಮಿ, ಶಾಲೆಯ ತ್ರೀಡಿ ಪ್ರಿಂಟರಿನಲ್ಲಿ ತಾನೇ ಒಂದು ಗೊಂಬೆ ಮಾಡಿ ತಂದು ಸರಸ್ವತಿಯ ಪಕ್ಕದಲ್ಲಿ ಕೂರಿಸಿ, ನನ್ನ ಕೈಹಿಡಿದು ಕರೆದುಕೊಂಡು ಹೋದಳು. ನೋಡಿದೆ. ಒಬ್ಬ ಮುದುಕ ಬೆತ್ತಲೆಯಾಗಿ ತೊಟ್ಟಿಯಲ್ಲಿ ಕೂತು, ಎರಡೂ ಕೈ ಮೇಲೆತ್ತಿ, ಬಾಯಿ ತೆರೆದಿದ್ದಾನೆ. ಸುತ್ತ ಸೋಪಿನ ನೊರೆ.

"ಇವರು ಯಾರು?"

"ಯುವರ್ ಗೈ, ತಾತ. ಆರ್ಕಿಮಿಡೀಸ್."

"ಬಟ್ಟೆ ಎಲ್ಲಿ?"

"ಇಟ್ಸ್ ಎ ಬಾತ್‌ಟಬ್, ತಾತ."

ಸರಸ್ವತಿಯ ಮಗ್ಗುಲಲ್ಲಿ ಸ್ನಾನಕ್ಕೆ ಕೂತವರಿರುವಾಗ ನಾನು ಪೂಜೆಗೆ ಕೂರುವುದಿಲ್ಲ ಎಂದೆ. ಹೇಳಬೇಕಾದದ್ದಕ್ಕಿಂತ ತುಸು ಗಟ್ಟಿಯಾಗಿಯೇ ಹೇಳಿದೆ. ಮರುದಿನ ಸಂಜೆ ಹುಡುಗಿ ಎಂದಿನಂತೆ ಕೈವಾರ ಹಿಡಿದು ಪಾಠಕ್ಕೆ ನನ್ನ ಮೇಜಿಗೆ ಬರಲಿಲ್ಲ. ಮನೆಯವರಿಗೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಗೌತಮಿ, ಆ ಒಂದು ಹೊತ್ತಿನಲ್ಲಿ ಮಾತ್ರ ನನ್ನೊಡನೆ ವ್ಯಾಸ, ಲಂಬ, ಸ್ಪರ್ಶಕ ಎಂದು ಕನ್ನಡದಲ್ಲಿ ಮಾತಾಡುತ್ತಾಳೆ. ಈ ದೇಶದಲ್ಲಿ ನಾನು ಮೇಷ್ಟರಾಗಿ ಉಳಿದಿರುವುದು ಆ ಹೊತ್ತಿನಲ್ಲಿ ಮಾತ್ರ. ಅದೂ ಹೋಯಿತು.

ಹೋದದ್ದನ್ನು ಮರಳಿ ಪಡೆಯಲು ವಿವೇಕಿಗಳು ಮಗುವನ್ನು ಸಮಾಧಾನ ಮಾಡುತ್ತಾರೆ. ನಾನು ಗ್ರಂಥಾಲಯಕ್ಕೆ ಹೋದೆ. ಸರಿಯಾದ ಆರ್ಕಿಮಿಡೀಸರನ್ನು ತೋರಿಸಿದರೆ ಹುಡುಗಿ ತಾನಾಗಿ ಒಪ್ಪುತ್ತಾಳೆಂದು, ತೋಳು ನೋಯುವಷ್ಟು ಭಾರದ ಚಿತ್ರಕಲೆಯ ಪುಸ್ತಕಗಳನ್ನು ತಂದು ಊಟದ ಮೇಜಿನ ಮೇಲೆ ಹರಡಿದೆ. ಪುಟ ತಿರುವಿದಂತೆಲ್ಲ ನನ್ನ ಕೋಪ ಮೊಮ್ಮಗಳನ್ನು ಬಿಟ್ಟು ಇಡೀ ಯುರೋಪಿನ ಮೇಲೆ ತಿರುಗಿತು. ಹಳೆಯ ಮರದಚ್ಚಿನ ಚಿತ್ರದಲ್ಲಿಯೇ ತೊಟ್ಟಿ ಬಂದುಬಿಟ್ಟಿದೆ. ಇಟಲಿಯವನೊಬ್ಬ ಅವರಿಗೆ ತನ್ನೂರಿನ ಮಖಮಲ್ಲಿನ ಟೋಪಿ ತೊಡಿಸಿದ್ದಾನೆ. ಸ್ಪೇನಿನವನು ಹರಕು ಅಂಗಿ ಹಾಕಿಸಿ, ತನ್ನ ಬೀದಿಯ ಭಿಕ್ಷುಕನನ್ನು ಮಾಡಿ ನಗಿಸಿದ್ದಾನೆ. ಉಳಿದವರಿಗೆ ಅವರ ಸಾವೇ ಬೇಕು: ಮರಳಿನಲ್ಲಿ ವೃತ್ತ ಬರೆಯುತ್ತಿರುವ ಮುದುಕ, ಹಿಂದೆ ಕತ್ತಿ ಎತ್ತಿದ ರೋಮನ್ ಸೈನಿಕ. ಸೈನಿಕನ ಮೊಣಕಾಲಿನ ಮಾಂಸಖಂಡಕ್ಕೆ ವಹಿಸಿದ ಶ್ರದ್ಧೆಯಲ್ಲಿ ಕಾಲುಭಾಗವನ್ನು ಆ ವೃತ್ತಕ್ಕೆ ವಹಿಸಿದ್ದರೆ ಅದು ಕೋಳಿಮೊಟ್ಟೆಯಂತೆ ಕಾಣುತ್ತಿರಲಿಲ್ಲ. ಅವರು ಬದುಕಿದ್ದಾಗಿನ ಒಂದು ಚಿತ್ರವೂ ಉಳಿದಿಲ್ಲವಂತೆ. ತಮ್ಮ ಸಮಾಧಿಯ ಮೇಲೆ ಒಂದು ಗೋಳವನ್ನೂ ಅದನ್ನು ಆವರಿಸಿದ ಸಿಲಿಂಡರನ್ನೂ ಕೆತ್ತಿ ಎಂದಿದ್ದರಂತೆ. ಮುಖ ಕೆತ್ತಿ ಎಂದಿರಲಿಲ್ಲ. ಇಷ್ಟು ಶತಮಾನಗಳಲ್ಲಿ ಆ ಸರಳವಾದ ಕೋರಿಕೆಗೆ ಕಿವಿಗೊಟ್ಟವರೆಷ್ಟು ಜನ? ಪರರ ದೇಶದ ಹಿರಿಯರನ್ನು ತಂದು ತಮ್ಮೂರಿನ ವೇಷ ತೊಡಿಸುವುದು ಎಂಥ ಉದ್ಧಟತನ ಎಂದು ಉಪ್ಪಿಟ್ಟು ಆರುವವರೆಗೆ ಕೂಗಾಡಿದೆ. ಗೌತಮಿ ಎದುರಿಗೇ ಕೂತು, ತಲೆ ಎತ್ತದೆ ತಿಂದಳು.

ಗೊಂಬೆ ನೋಡಲು ಪಕ್ಕದ ಮನೆಯ ನಸೀಮಾ ಬೇಗಂ ಬಂದರು. ಅವರೂ ಮೈಸೂರಿನವರು, ಮಗಳ ಮನೆಯಲ್ಲಿರುವವರು, ನನ್ನ ಕೋಪವನ್ನು ಹೊತ್ತುಗೊತ್ತಿಲ್ಲದೆ ಕೇಳುವ ದೊಡ್ಡ ಮನಸ್ಸಿನವರು. ಕಡಲೆ ಉಸಲಿ ತಿನ್ನುತ್ತ ಎಲ್ಲವನ್ನೂ ಕೇಳಿದರು.

"ಮೇಷ್ಟ್ರೇ, ನಮ್ಮಲ್ಲಿ ದೊಡ್ಡವರ ಮುಖ ಬರೆಯೋ ರೂಢಿನೇ ಇಲ್ಲ. ನೋಡಿ, ಎಷ್ಟು ಜಗಳ ಉಳೀತು."

"ಈಗ ಬರೆದಾಗಿದೆಯಲ್ಲ, ಏನು ಮಾಡುವುದು?"

"ಏನ್ ಮಾಡ್ತೀರಾ? ನಿಮ್ಮ ಆರ್ಕಿಮಿಡೀಸ್ ಬೇಜಾರು ಮಾಡ್ಕೊಳಲ್ಲ, ಅವರು ಹೋಗ್ಬಿಟ್ರು. ಈ ಹುಡುಗಿ ಇಲ್ಲೇ ಇದಾಳೆ. ಇನ್ನೊಂಚೂರು ಉಸಲಿ ಹಾಕಿ."

ಸರಸ್ವತೀ ಪೂಜೆಯ ಹಿಂದಿನ ಸಂಜೆ ನಾನೇ ಗೌತಮಿಯ ಕೋಣೆಗೆ ಹೋದೆ. ರಾಜಿಗೆ ಹೋದೆನೆಂದು ನಸೀಮಾ ಬೇಗಂ ತಿಳಿದಿರಬಹುದು. ಹೋದದ್ದು ಪಾಠ ಮಾಡಲು. ಕೈಯಲ್ಲಿ ನನ್ನ ಗಾಜು ಕಟ್ಟಿನ ಚಿತ್ರವಿತ್ತು. "ನೋಡು, ಮಹನೀಯರನ್ನು ತೋರಿಸುವುದೆಂದರೆ ಹೀಗೆ. ಈ ಹಣೆಯಲ್ಲಿ ಚಿಂತನೆ ಕಾಣುತ್ತದೆಯೋ ಇಲ್ಲವೋ? ಈ ಉತ್ತರೀಯದಲ್ಲಿ ವಿನಯ ಕಾಣುತ್ತದೆಯೋ ಇಲ್ಲವೋ?" ಎಂದೆ. ಅವಳು ಫೋನನ್ನು ಚಿತ್ರಕ್ಕೆ ಹಿಡಿದಳು. ಪ್ರತಿ ಮಾಡಿಕೊಳ್ಳುತ್ತಾಳೆಂದು ಸಂತೋಷಪಟ್ಟು, ಗಾಜನ್ನು ಪಂಚೆಯ ತುದಿಯಿಂದ ಒರೆಸಿಯೂ ಕೊಟ್ಟೆ. ಅವಳು ಬಹಳ ಹೊತ್ತು ಫೋನು ಓದಿದಳು.

"ತಾತ, ಡೋಂಟ್ ಗೆಟ್ ಆಂಗ್ರಿ, ಓಕೆ?"

"ನಾನು ಎಂದಾದರೂ ಕೋಪ ಮಾಡಿಕೊಂಡಿದ್ದೇನೆಯೇ?"

ಅವಳು ಫೋನನ್ನು ನನ್ನ ಕಡೆ ತಿರುಗಿಸಿದಳು. ಅದೇ ಪ್ರತಿಮೆ, ಅದೇ ಗಡ್ಡ. ಹಿಂದೆ ಇದನ್ನು ಆರ್ಕಿಮಿಡೀಸ್ ಎಂದು ತಿಳಿದಿದ್ದರಂತೆ. ಬಲ್ಲವರು ಆ ಅಭಿಪ್ರಾಯವನ್ನು ಬಿಟ್ಟು ಎಷ್ಟೋ ಕಾಲವಾಯಿತಂತೆ. ಇವನು ಸ್ಪಾರ್ಟಾದ ಒಬ್ಬ ಅರಸ. ವಿನಯದ ಉತ್ತರೀಯವೆಂದು ನಾನು ಕಂಡದ್ದು ಕವಚದ ಪಟ್ಟಿ. ಸೈನಿಕನ ಕತ್ತಿಗೆ ಬಲಿಯಾದ ಗಣಿತಜ್ಞರಿಗೆಂದು ನಾನು ಜೀವಮಾನವೆಲ್ಲ ಏರಿಸಿದ ಹೂವು, ಯುದ್ಧವಲ್ಲದೆ ಬೇರೆ ಕಸುಬನ್ನೇ ಮೆಚ್ಚದ ನಾಡಿನ ದೊರೆಗೆ ಸಂದಿತ್ತು. ಒಂದು ತ್ರಿಭುಜವನ್ನೂ ಬಿಡಿಸದೆ ಆ ಮನುಷ್ಯ ಇಷ್ಟು ವರ್ಷ ನನ್ನ ನಮಸ್ಕಾರ ತೆಗೆದುಕೊಂಡ. ಆ ಪತ್ರಿಕೆಯ ಸಂಪಾದಕ ಸಿಕ್ಕಿದ್ದರೆ ಎಂದು ಹಲ್ಲು ಕಡಿದೆ. ಹಲ್ಲು ಸ್ವಂತದ್ದಲ್ಲವಾದ್ದರಿಂದ ಹೆಚ್ಚು ಕಡಿಯಲಾಗಲಿಲ್ಲ.

ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಪದ್ಮಿನಿ ಹೇಳಿದಳು: "ಅಪ್ಪಾ, ರಾಜ ಅಂದ್ಮೇಲೆ ಇವರ ಜಾಗ ದೇವರ ಗೂಡಲ್ಲ. ಮೇಲಿನ ಮೆಟ್ಟಿಲು. ಪಟ್ಟದ ಗೊಂಬೆ ಪಕ್ಕ." ನಗುವನ್ನು ತಡೆದುಕೊಳ್ಳುವ ಗುಣ ಅವಳಿಗೆ ಅವಳ ತಾಯಿಯಿಂದಲೂ ಬಂದಿಲ್ಲ, ನನ್ನಿಂದಲೂ ಬಂದಿಲ್ಲ. ಗೌತಮಿ ಮಾತ್ರ ನಗಲಿಲ್ಲ. ಚಿತ್ರವನ್ನು ನನ್ನ ಕೈಯಿಂದ ಮೆಲ್ಲನೆ ತೆಗೆದುಕೊಂಡು, "ನಾನು ಇಡ್ತೀನಿ ತಾತ" ಎಂದಳು, ಕನ್ನಡದಲ್ಲಿ.

ಬೆಳಗ್ಗೆ ಪೂಜೆಗೆ ಕೂತೆ. ಸ್ಪಾರ್ಟಾದ ಅರಸ ಮೈಸೂರಿನ ರಾಜರಾಣಿಯರ ಮಗ್ಗುಲಲ್ಲಿ, ಕರೆಯದೆ ಬಂದ ಬೀಗರಂತೆ ಬಿಗಿದುಕೊಂಡು ನಿಂತಿದ್ದ. ತೊಟ್ಟಿ ಸರಸ್ವತಿಯ ಪಕ್ಕದಲ್ಲಿಯೇ ಇತ್ತು. ಆದರೆ ದೇವಿಯ ಎದುರು ಮರ್ಯಾದೆ ಎಂಬುದೊಂದಿದೆ. ಆರತಿಗೆ ಮುಂಚೆ ನನ್ನ ಹಳೆಯ ಶಲ್ಯದ ಜರಿ ಅಂಚಿನಿಂದ ಒಂದು ಚೂರು ಕತ್ತರಿಸಿ ಆರ್ಕಿಮಿಡೀಸರ ಹೆಗಲಿಗೆ ಹೊದಿಸಿದೆ. ಹಣೆಗೆ ಒಂದು ಬೊಟ್ಟು ಗಂಧ ಇಟ್ಟೆ. ಗೌತಮಿ ತನ್ನ ಕೈವಾರದ ಪೆಟ್ಟಿಗೆಯನ್ನು ಪೂಜೆಗೆ ಇಟ್ಟು, ನನ್ನ ಪಕ್ಕದಲ್ಲಿ ಕೂತು, ಅವರನ್ನೂ ನನ್ನನ್ನೂ ಒಮ್ಮೆ ನೋಡಿದಳು.

"ತಾತ, ಈಗ ಆರ್ಕಿಮಿಡೀಸ್ ಸೇಮ್ ನಿಮ್ಮ ಥರಾನೇ ಕಾಣ್ತಾರೆ."

ಇಟಲಿಯವನ ಮಖಮಲ್ಲಿನ ಟೋಪಿಯ ಬಗ್ಗೆ ನಾನು ಅಂದದ್ದೆಲ್ಲ ಆ ಹುಡುಗಿಗೆ ಚೆನ್ನಾಗಿ ನೆನಪಿತ್ತು. ಅವಳು ಮುಂದಿನ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಗಂಟೆ ಎತ್ತಿಕೊಂಡು, ಅಗತ್ಯಕ್ಕಿಂತ ಜೋರಾಗಿ, ಬಹಳ ಹೊತ್ತು ಬಾರಿಸಿದೆ.