ಅತ್ತೆಯ ಕೋಣೆಯ ಬ್ಯಾಟರಿಗಳು

ಬ್ಯಾಟರಿಗಳ ಸುದ್ದಿ ಅತ್ತೆಯ ಕಿವಿಗೆ ಮೊದಲು ಬಿದ್ದದ್ದು, ಅವು ಆಗಲೇ ಅವರ ಕೋಣೆಯ ಹೊಸಿಲು ದಾಟುತ್ತಿದ್ದಾಗ. ಸೊಸೆ ಎರಡನ್ನೂ ಟವೆಲ್ಲಿನಲ್ಲಿ ಸುತ್ತಿ, ಹೆರಿಗೆ ಆಸ್ಪತ್ರೆಯಿಂದ ಆಗತಾನೇ ಬಂದವಳ ಹಾಗೆ ಎದೆಗವಚಿಕೊಂಡು ನಿಂತಿದ್ದಳು.

"ಏನಮ್ಮಾ, ಅವಳಿಜವಳೀನಾ?" ಎಂದರು ಅತ್ತೆ.

"ನನ್ನ ಬೈಕಿನ ಬ್ಯಾಟರಿ, ಅತ್ತೆ. ಚಳಿಗಾಲ ಮುಗಿಯೋವರೆಗೂ ಇಲ್ಲೇ ಇರ್ಲಿ."

(ವಾರವೆಲ್ಲ ಹಲ್ಲಿನ ಆಸ್ಪತ್ರೆಯಲ್ಲಿ ಪರರ ಬಾಯಿ ತೆರೆಸುವ ಈ ನರ್ಸಮ್ಮ, ರಜೆ ಬಂದರೆ ಎಲೆಕ್ಟ್ರಿಕ್ ಡರ್ಟ್ ಬೈಕ್ ಹತ್ತಿ ಮಣ್ಣುದಿಬ್ಬಗಳ ಮೇಲೆ ಹಾರುತ್ತಿದ್ದಳು. ಹಿಮ ಬಿದ್ದರೆ ಹಾರಾಟ ಬಂದ್.)

"ನನ್ನ ಕೋಣೆಯೇನು ಗೋಡೌನಾ? ಷೆಡ್ಡಿಗೇನು ಧಾಡಿ?"

"ಅಲ್ಲಿ ಹೆಪ್ಪುಗಟ್ಟೋ ಚಳಿ. ಮನೆಯೊಳಗೆ ಎಲ್ಲಾ ಕಡೆ ಹೀಟರ್, ಆ ಬಿಸಿಯೂ ಇದಕ್ಕಾಗಲ್ಲ. ಹೀಟರ್ ಇಲ್ಲದ ಕೋಣೆ ನಿಮ್ಮದೊಂದೇ. 'ಹೀಟರ್ ಬೇಕಾಗೋದು ಬೆಣ್ಣೆ ಮೈಯವರಿಗೆ' ಅಂತ ನೀವೇ ಹೇಳ್ತೀರಲ್ಲ!"

ಅತ್ತೆ ಬಾಗಿಲಿಂದ ಪಕ್ಕಕ್ಕೆ ಸರಿದರು. ಹನ್ನೆರಡು ವರ್ಷದಿಂದ ಆ ಮಾತನ್ನು ಬಂದವರ ಮುಂದೆಲ್ಲ ಮೆರವಣಿಗೆ ಮಾಡಿಸಿದವರು ಅವರೇ. ಅಷ್ಟೇ ವರ್ಷದಿಂದ ಅವರ ಮಂಚದ ಕೆಳಗೆ, ಹಳೇ ಸೂಟ್‌ಕೇಸಿನ ಮರೆಯಲ್ಲಿ, ಒಂದು ಪುಟ್ಟ ಹೀಟರೂ ಇತ್ತು. ತೀರಿಕೊಂಡ ಯಜಮಾನರು ಕದ್ದುಮುಚ್ಚಿ ತಂದುಕೊಟ್ಟಿದ್ದು; ಗುಟ್ಟನ್ನು ಅವರು ಜೊತೆಗೇ ಒಯ್ದಿದ್ದರು.

ಸೋಲೊಪ್ಪುವ ಜಾಯಮಾನ ಅತ್ತೆಯದಲ್ಲ. ಬ್ಯಾಟರಿಯನ್ನೇ ಹಿಡಿದುಕೊಂಡರು. "ಇದರ ಮೈಮೇಲಿರೋ ನಾಲ್ಕು ದೀಪದಲ್ಲಿ ಎರಡೇ ಉರೀತಿದೆಯಲ್ಲ?"

"ಅರ್ಧ ಚಾರ್ಜಲ್ಲೇ ಇಡ್ಬೇಕು. ತುಂಬಿಸಿಟ್ರೂ ಸೊರಗುತ್ತೆ, ಖಾಲಿ ಬಿಟ್ರೂ ಸಾಯುತ್ತೆ."

"ಅರ್ಧ ಹೊಟ್ಟೇಲಿ ಮಲಗಿಸ್ತೀಯಾ? ನನ್ನ ಮಗ ಕಡ್ಡಿಯಾಗಿರೋದು ಇದಕ್ಕೇ!"

"ನಿಮ್ಮ ಮಗ ತೊಂಬತ್ತು ಕೇಜಿ ಇದ್ದಾರೆ, ಅತ್ತೆ."

ಹೀಗೆನ್ನುತ್ತಲೇ ಅವಳು ಬ್ಯಾಟರಿಗಳನ್ನು ಮೇಜಿನ ಮೇಲೆ ಮಲಗಿಸಿ, ಪಕ್ಕದಲ್ಲೊಂದು ಥರ್ಮಾಮೀಟರನ್ನು ಕಾವಲಿಗಿಟ್ಟಳು. ಇಪ್ಪತ್ತು ಡಿಗ್ರಿ ದಾಟಬಾರದು. ಭಾನುವಾರ ಬೆಳಗ್ಗೆ ತಪಾಸಣೆ.

ಮೂರು ದಿನ ಅತ್ತೆ ಸ್ವೆಟರಿನ ಮೇಲೆ ಸ್ವೆಟರು ತೊಟ್ಟು ಘನಘೋರ ಸಮರ ನಡೆಸಿದರು. ನಾಲ್ಕನೆಯ ದಿನ ಮಂಡಿಗಳು ದಂಗೆಯೆದ್ದವು. "ಎರಡು ಡಬ್ಬಕ್ಕೋಸ್ಕರ ನಾನು ನಡುಗ್ಬೇಕಾ? ನಡಿಯಲ್ಲ!" ಎಂದು ಬ್ಯಾಟರಿಗಳಿಗೆ ಮುಖಾಮುಖಿ ಹೇಳಿ ಹೀಟರ್ ಹಾಕಿದರು. ಥರ್ಮಾಮೀಟರು ಇಪ್ಪತ್ತೆಂಟಕ್ಕೆ ಏರಿತು. ಏರಲಿ! ತಪಾಸಣೆಗೆ ಮುಂಚೆ ಅದನ್ನು ಕಿಟಕಿಯ ಹೊರಗೆ ಐದು ನಿಮಿಷ ಇಟ್ಟರೆ ಹದಿನಾರಕ್ಕೆ ಇಳಿಯುತ್ತಿತ್ತು. ಎರಡು ಭಾನುವಾರ ಸೊಸೆ "ಭೇಷ್ ಅತ್ತೆ!" ಎಂದು ಹೋದಳು.

ಮೂರನೆಯ ಭಾನುವಾರ ಥರ್ಮಾಮೀಟರನ್ನು ಕಿಟಕಿಯ ಹೊರಗಿಟ್ಟದ್ದೇ ತಂಗಿಯ ಫೋನು ಬಂತು. ಇಬ್ಬರ ನಾಲ್ಕು ಮಂಡಿಗಳ ಯೋಗಕ್ಷೇಮ ಮುಗಿಯುವಷ್ಟರಲ್ಲಿ ಮುಕ್ಕಾಲು ಗಂಟೆ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು! ಅತ್ತೆ ಹೀಟರ್ ಆರಿಸಿ ಮಂಚದ ಕೆಳಗೆ ತಳ್ಳಿ, ಥರ್ಮಾಮೀಟರನ್ನು ಒಳಗೆಳೆದು ಮೇಜಿನ ಮೇಲೆ ಕುಕ್ಕಿದರು.

ಷೆಡ್ಡಿನಿಂದ ನೇರವಾಗಿ ಬಂದ ಸೊಸೆ ಒಳಗೆ ಕಾಲಿಟ್ಟದ್ದೇ ತಡ, ಅವಳ ಕನ್ನಡಕದ ಗಾಜಿಗೆ ಹಬೆ ಹತ್ತಿತು. ಸೆರಗಿನಿಂದ ಒರೆಸಿಕೊಂಡು ನೋಡಿದಳು. "ಅತ್ತೆ, ಮೈನಸ್ ಎರಡು!"

"ಇರಬಹುದು," ಎಂದು ಅತ್ತೆ ಗತ್ತಿನಿಂದ ಶಾಲನ್ನೂ ಕಿತ್ತೆಸೆದರು. "ನನಗಿದೆಲ್ಲ ಯಾವ ಲೆಕ್ಕ!"

"ಪಾಪ, ಬ್ಯಾಟರಿ ತಡೆಯಲ್ಲ. ನಮ್ಮ ಕೋಣೆ ಹೀಟರ್ ಆರಿಸಿ ಅಲ್ಲೇ ಇಟ್ಕೋತೀನಿ. ನಿಮ್ಮ ಮಗ ಸ್ವೆಟರ್ ಹಾಕ್ಕೊಳ್ಳಲಿ."

ಗೆದ್ದೆ! ಅತ್ತೆ ಮಹಾರಾಣಿಯ ಹಾಗೆ ಮಂಚದ ಮೇಲೆ ಆಸೀನರಾದರು. ಬ್ಯಾಟರಿಗಳನ್ನು ಎತ್ತಿಕೊಂಡ ಸೊಸೆ ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಅತ್ತೆ, ಷೆಡ್ಡಲ್ಲಿ ಬೈಕ್ ರಿಪೇರಿ ಮಾಡುವಾಗ ನನ್ನ ಕೈ ಮರಗಟ್ಟುತ್ತೆ. ನಿಮಗಂತೂ ಬೇಡವೇ ಬೇಡ… ಮಂಚದ ಕೆಳಗಿರೋ ಆ ಪುಟ್ಟ ಹೀಟರನ್ನ ಚಳಿಗಾಲ ಮುಗಿಯೋವರೆಗೂ ನನಗೆ ಕೊಡ್ತೀರಾ?"