ಹಲ್ಲು ಡಾಕ್ಟರು ಗಾಡಿ ನೋಡಿದ ಪ್ರಸಂಗ

“ಮೆಕ್ಯಾನಿಕ್ಕಾ? ಯಾವ ಮೆಕ್ಯಾನಿಕ್ಕು? ಯಾಕೆ ಮೆಕ್ಯಾನಿಕ್ಕು?” ಎಂದು ಹಲ್ಲು ಡಾಕ್ಟರು ಒಂದೇ ಉಸಿರಿಗೆ ಕೇಳಿದರು. ಯಾವ ಪ್ರಶ್ನೆಗೂ ಉತ್ತರಕ್ಕೆ ಕಾಯಲಿಲ್ಲ. ಅದು ಕಸುಬಿನಿಂದ ಅಂಟಿದ ಚಾಳಿ. ದಿನವಿಡೀ ಜನರ ಬಾಯಿ ಅಗಲಿಸಿ, ಒಳಗೆ ಹತ್ತಿ ತುರುಕಿ, “ಮತ್ತೆ, ಮಗಳು ಏನು ಓದ್ತಿದಾಳೆ?” ಎಂದು ವಿಚಾರಿಸುವ ಮನುಷ್ಯನಿಗೆ ಉತ್ತರ ಬರುತ್ತದೆಂಬ ಆಸೆಯಾದರೂ ಎಲ್ಲಿ ಉಳಿದಿರುತ್ತದೆ!

ಆದರೆ ಎದುರಿಗೆ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದ ಹೆಂಡತಿಯ ಬಾಯಲ್ಲಿ ಹತ್ತಿ ಇರಲಿಲ್ಲ.

“ಯಾಕೆ ಅಂದ್ರೆ, ಕೊಳ್ಳೋಕೆ ಹೊರಟಿರೋದು ಹಳೇ ಗಾಡಿ, ನಿಮಗೆ ಗಾಡಿ ಬಗ್ಗೆ ಒಂದಕ್ಷರ ಗೊತ್ತಿಲ್ಲ. ಬಾನೆಟ್ ತೆಗೀತೀನಿ ಅಂತ ಹೋಗಿ ಪೆಟ್ರೋಲ್ ಮುಚ್ಚಳ ತೆಗೆದು, ಹಾಗೇ ಊರೆಲ್ಲ ಸುತ್ತಿ ಬಂದೋರು ನೀವು.”

“ಅದು ಬೇರೆ ವಿಷಯ! ನೋಡು, ಹಿಂದೆ ಎತ್ತು ಕೊಳ್ಳೋರು ಏನು ಮಾಡ್ತಿದ್ರು? ಬಾಯಿ ತೆಗೆಸಿ ಹಲ್ಲು ಹಿಡಿದು ನೋಡ್ತಿದ್ರು. ಹಲ್ಲು ನೋಡಿದ್ರೆ ಜಾತಕ ಪೂರ್ತಿ ಸಿಕ್ಕಿಬಿಡ್ತಿತ್ತು. ಅಂದ್ರೆ ಕೊಳ್ಳೋ ವಿದ್ಯೆಗೆ ಮೂಲಪುರುಷ ಯಾರು? ಹಲ್ಲು ಡಾಕ್ಟರು! ಕತ್ತಲೆ ಬಾಯೊಳಗೆ ಕೂದಲೆಳೆಯಷ್ಟು ಬಿರುಕು ಹುಡುಕೋ ಕಣ್ಣು ಕಣೇ ಇದು. ಆನೆಯಂಥ ಗಾಡೀಲಿ ಇರೋ ಹುಳುಕು ಇದಕ್ಕೆ ಕಾಣಲ್ವಾ?”

“ಆನೆಯಂಥ ಗಾಡಿ ಯಾಕೆ ಬೇಕು ಅಂತಲೇ ನನ್ನ ಪ್ರಶ್ನೆ.”

ಬೇಕಾಗಿದ್ದು ಡಾಕ್ಟರಿಗಲ್ಲ, ಅವರ ತಾಯಿಗೆ. ಅಮ್ಮನ ಮಂಡಿ ಎರಡೂ ಮುಷ್ಕರ ಹೂಡಿದ್ದವು. ಮನೆಯಲ್ಲಿದ್ದ ಪುಟ್ಟ ಕಾರು ನೆಲಕ್ಕೆ ಅಂಟಿಕೊಂಡಂಥದ್ದು. ಅದರಲ್ಲಿ ಕೂರುವುದೆಂದರೆ ಬಾವಿಗಿಳಿದ ಹಾಗೆ, ಇಳಿಯುವುದೆಂದರೆ ಬಾವಿಗೆ ಬಿದ್ದ ಕೊಡವನ್ನು ಮೇಲೆತ್ತಿದ ಹಾಗೆ. ಮಗ ಒಂದು ತೋಳು, ಸೊಸೆ ಒಂದು ತೋಳು ಹಿಡಿದು ಜಗ್ಗುವಾಗ ಬೀದಿಯ ಜನ ನಿಂತು ನೋಡುತ್ತಿದ್ದರು. ಒಂದು ದಿನ ಅಮ್ಮ, “ಸಾಕು. ಇನ್ನು ನಾನು ಎಲ್ಲಿಗೂ ಬರಲ್ಲ,” ಎಂದುಬಿಟ್ಟರು. ಅಂದಿನಿಂದ ಬಾಗಿಲು ದಾಟಿರಲಿಲ್ಲ. ಊರಿನ ಆ ತುದಿಯಲ್ಲಿದ್ದ ಒಬ್ಬಳೇ ತಂಗಿಯ ಜತೆ ದಿನಾ ಫೋನಿನಲ್ಲಿ ಜಗಳವಾಡುತ್ತಿದ್ದರು; ಎದುರೆದುರು ಕೂತು ಜಗಳವಾಡುವ ಸುಖ ಮಾತ್ರ ತಪ್ಪಿಹೋಗಿತ್ತು. ಅದು ಅವರಿಗೆ ನಿಜವಾಗಿ ನೋವಿನ ಸಂಗತಿ. ಫೋನಿಟ್ಟ ಮೇಲೆ ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತ ಕೂತಿರುತ್ತಿದ್ದರು.

ಗಾಡಿ ಕೊಳ್ಳುವ ಮಾತೆತ್ತಿದಾಗ ಅಮ್ಮ ಹಾಕಿದ್ದು ಒಂದೇ ಷರತ್ತು: “ನಾನೇ ಹತ್ತಬೇಕು, ನಾನೇ ಇಳೀಬೇಕು. ಯಾರೂ ನನ್ನ ಕಂಕುಳಿಗೆ ಕೈ ಹಾಕಕೂಡದು.”

ಡಾಕ್ಟರಿಗೆ ತಾಯಿಯ ಮೇಲೆ ಪ್ರಾಣ. ಹಾಗಾಗಿ ಅವರ ಬುದ್ಧಿ ತಕ್ಷಣ ಕೆಲಸ ಮಾಡಿತು. ತಗ್ಗಿನ ಗಾಡಿಯಿಂದ ತೊಂದರೆಯಾಗಿದೆ. ಆದ್ದರಿಂದ ಎತ್ತರದ ಗಾಡಿ ಬೇಕು. ಎಷ್ಟು ಎತ್ತರವೋ ಅಷ್ಟು ಒಳ್ಳೆಯದು! ಅದೇ ವಾರ ಮನೆ ಕಟ್ಟಿಸುವ ಕಂಟ್ರಾಕ್ಟರೊಬ್ಬರು ದವಡೆ ಹಲ್ಲು ತೋರಿಸಲು ಬಂದು, ಬಾಯಿ ತೆರೆದುಕೊಂಡೇ “ಆ ಆ ಗಾ ಆ” ಎಂದಿದ್ದರು. ಹಲ್ಲು ಡಾಕ್ಟರಿಗೆ ಮಾತ್ರ ತಿಳಿಯುವ ಆ ಭಾಷೆಯಲ್ಲಿ ಅದರ ಅರ್ಥ, ‘ನನ್ನ ದೊಡ್ಡ ಗಾಡಿ ಮಾರ್ತಾ ಇದೀನಿ’ ಎಂದು.

ಭಾನುವಾರ ಬೆಳಿಗ್ಗೆ ಪುಟ್ಟ ಕಾರಿನ ಬಾವಿಯಿಂದ ಅಮ್ಮನನ್ನು ಕೊನೆಯ ಸಲ ಎಂದು ಹೇಳಿ ಜಗ್ಗಿ ತೆಗೆದು, ಮೂವರೂ ಕಂಟ್ರಾಕ್ಟರ ಯಾರ್ಡಿನಲ್ಲಿ ನಿಂತರು. ಮರಳಿನ ಗುಡ್ಡೆ, ಕಬ್ಬಿಣದ ಸರಳು, ಸಿಮೆಂಟು ಕಲಸುವ ಯಂತ್ರ. ಇವುಗಳ ನಡುವೆ ಗಾಡಿ ನಿಂತಿತ್ತು. ಕಪ್ಪು ಬಣ್ಣ, ಚರ್ಮದ ಸೀಟು, ಮೂರು ಸಾಲು. ಅದರ ಪಕ್ಕದಲ್ಲಿ ಸಿಮೆಂಟಿನ ಯಂತ್ರ ಆಟದ ಸಾಮಾನಿನಂತೆ ಕಾಣುತ್ತಿತ್ತು. ಅಮ್ಮ ಊರುಗೋಲು ಊರಿ, ಕತ್ತೆತ್ತಿ ನೋಡಿ, “ಏಣಿ ಎಲ್ಲಿಟ್ಟಿದೀರಪ್ಪಾ?” ಎಂದು ಕೇಳಿದರು.

“ಇದು ರಾಜರ ಗಾಡಿ ಅಮ್ಮಾ! ಬೇರೆ ಗಾಡಿ ಥರ ಇದಕ್ಕೆ ಕೆಳಗೆ ಸ್ಪ್ರಿಂಗ್ ಇಲ್ಲ. ಚಕ್ರ ಚಕ್ರಕ್ಕೂ ಗಾಳಿಚೀಲ. ಗಾಳಿ ಮೇಲೆ ತೇಲ್ಕೊಂಡು ಹೋಗತ್ತೆ,” ಎಂದರು ಕಂಟ್ರಾಕ್ಟರು.

“ತೇಲೋದಿರಲಿ. ಹತ್ತೋದು ಹೇಗೆ?”

ಹತ್ತಿಸಿದ್ದು ಹೇಗೆಂದರೆ: ಕಂಟ್ರಾಕ್ಟರು ಒಂದು ಮರದ ಪೆಟ್ಟಿಗೆ ಬೋರಲು ಹಾಕಿದರು. ಅಮ್ಮ ಅದನ್ನು ಹತ್ತಿ ನಿಂತರೂ ಒಂದು ಮೊಳ ಬಾಕಿ ಉಳಿಯಿತು. ಕೊನೆಗೆ ಸೊಸೆ ಹಿಂದಿನಿಂದ ತಳ್ಳಿ, ಕಂಟ್ರಾಕ್ಟರು ಒಳಗಿನಿಂದ ಎಳೆದು, ಮಗ ಪಕ್ಕದಲ್ಲಿ ನಿಂತು “ಇನ್ನೊಂಚೂರು ಅಗಲಿಸು... ಹಾಂ, ಕಾಲು, ಕಾಲು!” ಎಂದು ಮಾರ್ಗದರ್ಶನ ಮಾಡಿ, ಮುಂದಿನ ಸೀಟಿನಲ್ಲಿ ಕೂರಿಸಿದ್ದಾಯಿತು. ಅಮ್ಮನ ಮುಖ ಊದಿಕೊಂಡಿತ್ತು.

“ಮೂಟೆ ಹೇರಿದ್ದಾಯ್ತಲ್ಲ, ಇನ್ನು ನೋಡ್ಕೋ ನಿನ್ನ ಗಾಡೀನ,” ಎಂದು ಅವರು ಕಿಟಕಿಯ ಗಾಜು ಇಳಿಸಿ ಹೇಳಿದರು.

“ರೀ, ಮುಗೀತಲ್ಲ. ಅತ್ತೆಗೆ ಇದು ಆಗೋ ಮಾತಲ್ಲ, ನಡೀರಿ,” ಎಂದಳು ಹೆಂಡತಿ.

“ಹೊಸ ಹಲ್ಲಿನ ಸೆಟ್ಟೂ ಮೊದಲ ವಾರ ಚುಚ್ಚತ್ತೆ. ಅಭ್ಯಾಸ ಆಗತ್ತೆ ಬಿಡು!” ಎಂದು ಡಾಕ್ಟರು ಚೀಲ ಬಿಚ್ಚಿದರು. ಹಣೆಗೆ ಕ್ಲಿನಿಕ್ಕಿನ ದೀಪ ಕಟ್ಟಿಕೊಂಡರು. ಒಂದು ಕೈಯಲ್ಲಿ ಕಡ್ಡಿಯ ತುದಿಯ ಕನ್ನಡಿ, ಇನ್ನೊಂದರಲ್ಲಿ ಸಣ್ಣ ಇಕ್ಕಳ. ಮರಳಿನ ಲಾರಿ ಬಂತೆಂದು ಕಂಟ್ರಾಕ್ಟರು ಗೇಟಿನತ್ತ ಓಡಿದರು. ತಪಾಸಣೆ ಶುರುವಾಯಿತು.

ಆಹಾ, ಅದೆಂಥ ತಪಾಸಣೆ! ಮುಂದಿನ ಜಾಲರಿಯೊಳಗೆ ಕನ್ನಡಿ ಹಾಕಿ “ಮುಂದಿನ ಸಾಲು ಗಟ್ಟಿ” ಎಂದರು. ಹೆಂಡತಿಯಿಂದ ಬಾನೆಟ್ ಎತ್ತಿಸಿ ನೋಡಿದರೆ ಇಂಜಿನ್ನಿನ ಮೇಲೆಲ್ಲ ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ. “ಪೂರ್ತಿ ಕ್ಯಾಪ್ ಹಾಕಿಸಿದಾರೆ. ಖರ್ಚು ಮಾಡೋ ಜನ!” ಎಂದು ಮೆಚ್ಚಿದರು. ಹೊಗೆ ಕೊಳವೆಗೆ ಮೂಗು ಹಚ್ಚಿ “ಸ್ವಲ್ಪ ವಾಸನೆ ಇದೆ, ಎರಡು ಹೊತ್ತೂ ಉಜ್ಜಬೇಕು” ಎಂದರು. ಬಾಗಿಲು ಬಾಗಿಲಿಗೂ ಕನ್ನಡಿಯ ಹಿಡಿಯಿಂದ ಟಕ್ ಟಕ್ ಬಡಿದು, “ಇಲ್ಲಿ ನೋವಿದೆಯಾ? ಇಲ್ಲಿ?” ಎಂದು ಕೇಳಿದರು.

“ನೋವು ನನಗಿದೆ. ಬೇಗ ಮುಗಿಸೋ,” ಎಂದು ಒಳಗಿನಿಂದ ಅಮ್ಮ ಕೂಗಿದರು.

ಹಾಗೇ ಬಡಿಯುತ್ತ ಡಾಕ್ಟರು ಮುಂದಿನ ಎಡ ಚಕ್ರದ ಹತ್ತಿರ ಬಂದು ಮಂಡಿಯೂರಿದರು. ದೀಪದ ಬೆಳಕನ್ನು ಚಕ್ರದ ಹಿಂದಕ್ಕೆ ಬಿಟ್ಟರು. ಅಲ್ಲಿ, ಎರಡು ಕಬ್ಬಿಣದ ತುಂಡುಗಳ ಸಂದಿಯಲ್ಲಿ, ತೆಳ್ಳಗೆ, ಕಪ್ಪಗೆ, ಏನೋ ಸಿಕ್ಕಿಕೊಂಡಿತ್ತು!

ಓದುಗರೇ, ಇಲ್ಲಿ ಡಾಕ್ಟರ ಸ್ವಭಾವ ಸ್ವಲ್ಪ ಹೇಳಬೇಕು. ಎರಡರ ಸಂದಿಯಲ್ಲಿ ಮೂರನೆಯದು ಸಿಕ್ಕಿಕೊಂಡಿದ್ದು ಕಂಡರೆ ಅವರ ಕೈ ಅವರ ಮಾತು ಕೇಳುವುದಿಲ್ಲ. ಒಮ್ಮೆ ಹೋಟೆಲಿನಲ್ಲಿ ಎದುರಿನ ಮೇಜಿನ ಅಪರಿಚಿತರೊಬ್ಬರು ನಕ್ಕಾಗ ಅವರ ಹಲ್ಲಿನ ಸಂದಿಯಲ್ಲಿ ಸೊಪ್ಪಿನ ಚೂರು ಕಂಡು, ಇವರು ಕಡ್ಡಿ ಹಿಡಿದು ಎದ್ದೇಬಿಟ್ಟಿದ್ದರು. ಹೆಂಡತಿ ಅಂಗಿ ಹಿಡಿದು ಕೂರಿಸಿದ್ದರಿಂದ ಮಾನ ಉಳಿದಿತ್ತು. ಈಗ ಹೆಂಡತಿ ಗಾಡಿಯ ಹಿಂಬದಿಯಲ್ಲಿದ್ದಳು.

ಡಾಕ್ಟರು ಇಕ್ಕಳ ಹಾಕಿದರು. ಅದು ಬರಲಿಲ್ಲ. ಬರದಿದ್ದನ್ನು ಬಿಟ್ಟು ಬಂದ ವಂಶವಲ್ಲ ಅವರದು. “ಸ್ವಲ್ಪ ಚುರ್ ಅನ್ನತ್ತೆ, ಅಷ್ಟೇ,” ಎಂದು ಗಾಡಿಗೆ ಧೈರ್ಯ ಹೇಳಿ, ಮಣಿಕಟ್ಟು ತಿರುಗಿಸಿ ಜಗ್ಗಿದರು.

ಟಕ್!

ಕೈಗೆ ಬಂದಿದ್ದು ಬೆರಳುದ್ದದ ಸಣ್ಣ ಪೈಪಿನ ತುಂಡು. ‘ಕಸವಲ್ಲವಲ್ಲಾ ಇದು’ ಎಂದು ಅವರು ಯೋಚಿಸುವಷ್ಟರಲ್ಲಿ ಗಾಡಿ “ಉಸ್ಸ್...” ಎಂದಿತು. ನಾಗರಹಾವೇ ಎದ್ದಿತೇನೋ ಎಂದು ಡಾಕ್ಟರು ಹಿಂದಕ್ಕೆ ಹಾರಿದರು. ಗಾಡಿಯ ಎಡಗೆನ್ನೆ, ಮರಗಟ್ಟುವ ಸೂಜಿ ಚುಚ್ಚಿಸಿಕೊಂಡವರ ತುಟಿಯಂತೆ, ಮೆಲ್ಲಗೆ ಜೋತುಬಿತ್ತು. ಒಂದು ಕಾಲು ಮಡಚಿದ ಮೇಲೆ ಉಳಿದವಕ್ಕೂ ನಾಚಿಕೆಯಾಯಿತೋ ಏನೋ, ಬಲಗಡೆಯೂ ಇಳಿಯಿತು, ಹಿಂಭಾಗವೂ ಇಳಿಯಿತು. ರಾಜರ ಗಾಡಿ ಮರಳಿನ ಮೇಲೆ ಎಮ್ಮೆಯಂತೆ ಮಲಗಿಬಿಟ್ಟಿತು. ಅಮ್ಮ ಅದರೊಳಗೆ ಕೂತೇ ಗಂಭೀರವಾಗಿ ಕೆಳಗೆ ಬಂದರು.

“ಅಯ್ಯಯ್ಯೋ! ನನ್ನ ಗಾಡಿಗೆ ಏನಾಯ್ತು?” ಕಂಟ್ರಾಕ್ಟರು ಓಡೋಡಿ ಬಂದರು.

ಪೈಪಿನ ತುಂಡು ಡಾಕ್ಟರ ಜೇಬು ಸೇರಿತು. ನಿಜ ಹೇಳಿ ಕ್ಷಮೆ ಕೇಳಬೇಕೆಂದೇ ಬಾಯಿ ತೆರೆದರು. ಆದರೆ ಕೆಟ್ಟ ಸುದ್ದಿ ಹೇಳಿ ರೂಢಿಯಾದ ಬಾಯಿ! ಅದು ತನ್ನ ಹಳೆಯ ಹಾಡನ್ನೇ ಹಾಡಿತು.

“ಕೂತ್ಕೊಳ್ಳಿ. ಗಾಬರಿ ಮಾಡ್ಕೋಬೇಡಿ. ಇದು ಇವತ್ತಿನ ಕಾಯಿಲೆ ಅಲ್ಲ. ಬೇರಿನಲ್ಲೇ ಹುಳುಕು. ಮೇಲೆ ನೋಡೋಕೆ ಹೊಳೀತಿತ್ತು, ಒಳಗೊಳಗೇ ತಿಂದುಬಿಟ್ಟಿದೆ. ಸುಮ್ಮನೆ ಬಿಟ್ಟಿದ್ರಿ, ಅದೇ ತಪ್ಪು.”

“ನಿನ್ನೆ ತನಕ ಚೆನ್ನಾಗಿತ್ತಲ್ಲಾ ಡಾಕ್ಟ್ರೇ!”

“ಎಲ್ರೂ ಹಾಗೇ ಹೇಳ್ತಾರೆ. ಇನ್ನು ಇದನ್ನ ಕೊಳ್ಳೋರು ಯಾರು ಸಿಗ್ತಾರೆ ಹೇಳಿ? ಪಾಪ, ಪರಿಚಯದೋರು ಅಂತ, ಅರ್ಧ ರೇಟಿಗಾದ್ರೆ ನಾನೇ...”

ಕಂಟ್ರಾಕ್ಟರು ಮರದ ಪೆಟ್ಟಿಗೆಯ ಮೇಲೆ ಕುಸಿದು ಕೂತರು. ಇನ್ನೇನು ತಲೆಯಾಡಿಸಬೇಕು, ಅಷ್ಟರಲ್ಲಿ ಕಿಟಕಿಯಿಂದ ಅಮ್ಮನ ದನಿ ಬಂತು.

“ಲೋ, ಆಗಲೇ ಇಕ್ಕಳ ಹಾಕಿ ಕಿತ್ತು ಜೇಬಿಗಿಟ್ಕೊಂಡೆಯಲ್ಲ, ಅದನ್ನ ಅವರಿಗೆ ಕೊಟ್ಟುಬಿಡೋ. ಅದು ಕಿತ್ತ ಮೇಲೇ ಅಲ್ವಾ ಇದು ಉಸ್ ಅಂದಿದ್ದು?”

ಡಾಕ್ಟರು ಇಂಗು ತಿಂದ ಮಂಗನಂತಾದರು. “ಆ... ಆ...” ಎಂದರು. ಈ ಸಲ ಆ ಭಾಷೆ ಕಂಟ್ರಾಕ್ಟರಿಗೂ ಅರ್ಥವಾಯಿತು. ಅವರು ಎದ್ದು ನಿಂತು ಕೈ ಚಾಚಿ, ತುಂಡನ್ನು ಇಸಿದುಕೊಂಡು, ಬೆಳಕಿಗೆ ಹಿಡಿದು ನೋಡಿದರು.

“ಗಾಳಿ ಹೋಗೋ ಪೈಪು! ಡಾಕ್ಟ್ರೇ, ಗಟ್ಟಿ ಹಲ್ಲು ಕಿತ್ತುಬಿಟ್ಟು, ‘ನಿಮ್ಮ ಬಾಯೇ ಸರಿ ಇಲ್ಲ’ ಅಂತ ಹೇಳೋದು ನಿಮ್ಮ ಕ್ಲಿನಿಕ್ಕಲ್ಲೂ ಇದೆಯಾ?”

“ಇಲ್ಲ,” ಎಂದಳು ಹೆಂಡತಿ, ಕಲ್ಲಿನಂಥ ಮುಖದಲ್ಲಿ. “ಅಲ್ಲಿ ನಾನು ಕೂತಿರ್ತೀನಿ.”

ಭೂಮಿ ಬಾಯಿ ತೆರೆಯಬಾರದೇ ಎಂದು ಡಾಕ್ಟರು ಪ್ರಾರ್ಥಿಸುತ್ತಿದ್ದರು. ಆಗ ಒಂದು ಸದ್ದಾಯಿತು. ಗಾಡಿಯ ಬಾಗಿಲು ತೆರೆದುಕೊಂಡಿತು. ಅಮ್ಮ ಒಂದು ಕಾಲು ಹೊರಗಿಟ್ಟರು. ಕಾಲು ನೆಲಕ್ಕೆ ಸಿಕ್ಕಿತು. ಇನ್ನೊಂದು ಕಾಲು ಇಟ್ಟರು. ಕೋಲು ಊರಿ ಎದ್ದು ನಿಂತರು. ಯಾರೂ ಕೈ ಕೊಟ್ಟಿರಲಿಲ್ಲ. ನಿಂತವರು ಸುತ್ತ ಒಮ್ಮೆ ನೋಡಿ, ತಿರುಗಿ ಒಳಗೆ ಹೋಗಿ ಕೂತರು. ಮತ್ತೆ ಇಳಿದರು. ಅವರ ಮುಖದಲ್ಲಿ ಅಂಥ ನಗು ಮೂಡಿ ಎಷ್ಟೋ ಕಾಲವಾಗಿತ್ತು.

“ಇದಪ್ಪ ಗಾಡಿ ಅಂದ್ರೆ!” ಎಂದರು ಅಮ್ಮ.

ಡಾಕ್ಟರಿಗೆ ಕಣ್ಣು ತುಂಬಿ ಬಂತು. ಅವಮಾನ ಮರೆತೇಹೋಯಿತು. “ತಗೊಂಡೆ! ರಿಪೇರಿ ನನ್ನದೇ ಖರ್ಚು, ಪೂರ್ತಿ ರೇಟು, ತಗೊಂಡೆ!” ಎಂದು ಕೂಗಿದರು.

“ತಗೊಳ್ಳಿ. ಆದ್ರೆ ಪೈಪ್ ಹಾಕಿದ ತಕ್ಷಣ ಅದು ಮೊದಲಿನಷ್ಟೇ ಎತ್ತರಕ್ಕೆ ಎದ್ದು ನಿಲ್ಲತ್ತೆ,” ಎಂದರು ಕಂಟ್ರಾಕ್ಟರು.

“ಹಾಗಾದ್ರೆ ಹಾಕಲೇಬೇಡಿ,” ಎಂದರು ಅಮ್ಮ.

“ಹಾಕದಿದ್ರೆ ಚಕ್ರ ಮೈಗೆ ಉಜ್ಜತ್ತೆ ಅಮ್ಮಾ. ಗೇಟು ಕೂಡ ದಾಟಲ್ಲ.”

ಓಡುವ ಗಾಡಿಯನ್ನು ಅಮ್ಮ ಹತ್ತಲಾರರು. ಅಮ್ಮ ಹತ್ತುವ ಗಾಡಿ ಓಡಲಾರದು. ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆ ಇಲ್ಲ. ಈ ಗಾದೆ ಅರ್ಥವಾಗಲು ಹಲ್ಲು ಡಾಕ್ಟರಿಗೇ ಇಷ್ಟು ವರ್ಷ ಬೇಕಾಯಿತು.

ಕೊಳ್ಳುವ ಮಾತು ಅಲ್ಲಿಗೆ ಮುರಿಯಿತು. ರಿಪೇರಿಯ ಖರ್ಚು ಮಾತ್ರ ಡಾಕ್ಟರ ತಲೆಗೆ ಉಳಿಯಿತು. ತಲೆ ತಗ್ಗಿಸಿ ಅವರು ಪುಟ್ಟ ಕಾರಿನ ಬಾಗಿಲು ತೆರೆದರು. ಅಮ್ಮ ಅದರತ್ತ ನೋಡಲೂ ಇಲ್ಲ.

“ಬೆಳಿಗ್ಗೆಯಿಂದ ಒಂದು ಸಲ ಬಾವಿ, ಒಂದು ಸಲ ಬೆಟ್ಟ ಆಯ್ತು. ಇನ್ನು ನನ್ನ ಕೈಲಾಗಲ್ಲ,” ಎನ್ನುತ್ತ ಕೋಲೂರಿಕೊಂಡು ಗೇಟು ದಾಟಿ, ರಸ್ತೆಯ ಪಕ್ಕದ ಬೆಂಚಿನ ಮೇಲೆ ಕೂತರು. ಗಂಡಹೆಂಡಿರಿಬ್ಬರೂ ಹಿಂದೆ ಓಡಿದರು. ಅದು ಬಸ್ ಸ್ಟಾಪು. ಅವರು ಹೋಗಿ ನಿಲ್ಲುವುದಕ್ಕೂ ಒಂದು ಹೊಸ ಸಿಟಿ ಬಸ್ಸು ಬರುವುದಕ್ಕೂ ಸರಿಹೋಯಿತು.

ಬಸ್ಸು ನಿಂತಿತು. ಡ್ರೈವರು ಅಮ್ಮನ ಕೋಲು ನೋಡಿ ಯಾವುದೋ ಗುಂಡಿ ಒತ್ತಿದ. ಬಸ್ಸು “ಉಸ್ಸ್...” ಎಂದು ಫುಟ್‌ಪಾತಿನ ಕಡೆಗೆ ಬಾಗಿತು.

“ನಾನೇನೂ ಮುಟ್ಟಿಲ್ಲ!” ಎಂದು ಡಾಕ್ಟರು ಎರಡೂ ಕೈ ಮೇಲೆತ್ತಿದರು.

ಬಾಗಿಲು ತೆರೆಯಿತು. ಮೆಟ್ಟಿಲೇ ಇಲ್ಲ! ಅಮ್ಮ ಬೆರಗಾಗಿ ನೋಡಿದರು. ಅವರು ಕಂಡಿದ್ದ ಬಸ್ಸುಗಳಿಗೆಲ್ಲ ಗೋಪುರ ಹತ್ತುವಂಥ ಮೆಟ್ಟಿಲಿದ್ದವು. ಎದ್ದರು, ಹೊಸ್ತಿಲು ದಾಟುವಂತೆ ಸಲೀಸಾಗಿ ಒಳಗೆ ನಡೆದರು.

“ಏನಪ್ಪಾ, ನೀರಿನ ಟ್ಯಾಂಕಿನ ಕಡೆ ಹೋಗತ್ತಾ ಇದು?”

“ಅಲ್ಲೇ ಕೊನೇ ಸ್ಟಾಪು ಅಜ್ಜಿ.”

ನೀರಿನ ಟ್ಯಾಂಕಿನ ಎದುರೇ ತಂಗಿಯ ಮನೆ! ಅಮ್ಮ ಕಿಟಕಿಯ ಪಕ್ಕ ಕೂತು, ಸೀರೆಯ ಸೆರಗು ಸರಿಮಾಡಿಕೊಂಡು, “ಬಾರೇ, ಬಾ. ಅವಳಿಗೆ ಫೋನ್ ಮಾಡಿ ಹೇಳು, ಇವತ್ತು ಎದುರಿಗೇ ಕೂತು ಬೈತೀನಿ ಅಂತ,” ಎಂದು ಸೊಸೆಯನ್ನು ಕರೆದರು. ಸೊಸೆ ನಗುತ್ತ ಹತ್ತಿ ಪಕ್ಕದಲ್ಲಿ ಕೂತಳು.

ಡಾಕ್ಟರಿಗೂ ಹಿಗ್ಗು. ಅವರೂ ಹತ್ತಲು ಬಂದವರು, ಬಸ್ಸು ಅಷ್ಟು ಚೆಂದವಾಗಿ ಬಾಗಿದ್ದು ಹೇಗೆಂದು ತಿಳಿಯುವ ಕುತೂಹಲ ತಡೆಯಲಾರದೆ, ಹಣೆಯ ದೀಪ ಹೊತ್ತಿಸಿಕೊಂಡು ಮುಂದಿನ ಚಕ್ರದ ಕಡೆಗೆ ಬಗ್ಗಿದರು. ಕಿಟಕಿಯಿಂದ ಅಮ್ಮ ಅದನ್ನು ಕಂಡರು.

“ಡ್ರೈವರಪ್ಪಾ, ಹೊರಡು, ಬೇಗ ಹೊರಡು! ಅವನು ಹಲ್ಲು ಡಾಕ್ಟ್ರು! ಇದು ಚೆನ್ನಾಗಿ ಓಡ್ತಿರೋ ಗಾಡಿ!”