ಬಾಗಿಲಿಲ್ಲದ ಅರಮನೆ

ಮೇಲಧಿಕಾರಿ ಪ್ರೀತಿಯಿಂದ ಕೊಟ್ಟ ಉಡುಗೊರೆಯಂಥ ಪೀಡೆ ಇನ್ನೊಂದಿಲ್ಲ. ಎಸೆಯುವ ಹಾಗಿಲ್ಲ, ಅಟ್ಟಕ್ಕೆ ಹಾಕುವ ಹಾಗೂ ಇಲ್ಲ. ಅವರು ಮನೆಗೆ ಬಂದ ದಿನ ಅದು ಎದುರಿಗೇ ಕಾಣಬೇಕು. ಎಪ್ಪತ್ತರ ದಶಕದ ಮಾತು. ಆಗ ನಾನು ಡೆಟ್ರಾಯಿಟ್‌ನ ಒಂದು ಆಫೀಸಿನಲ್ಲಿ ಕಾರ್ಖಾನೆಗಳ ನಕ್ಷೆ ಬರೆಯುತ್ತಿದ್ದೆ. ನನ್ನ ಬಾಸ್ ವಾಲ್ಟರ್‌ಗೆ ನನ್ನ ಗೆರೆ ಎಂದರೆ ಬಲು ಇಷ್ಟ. ಆ ಇಷ್ಟ ಒಂದು ದಿನ ಉಕ್ಕಿ, ಅಜ್ಜನ ಕಾಲದಿಂದ ಅವರ ಮನೆಯಲ್ಲಿದ್ದ ಚಿತ್ರವೊಂದನ್ನು ನನ್ನ ಕೈಗಿತ್ತರು. ಹದಿನೆಂಟನೇ ಶತಮಾನದಲ್ಲಿ ಇಟಲಿಯವನೊಬ್ಬ ಕಂದು ಶಾಯಿಯಲ್ಲಿ ಬರೆದದ್ದಂತೆ. ಎಲ್ಲೂ ಇಲ್ಲದ, ಯಾರೂ ಕಟ್ಟಲಾಗದ ಅರಮನೆಗಳನ್ನು ಬರೆಯುವುದು ಆಗಿನವರ ಶೋಕಿಯಂತೆ. ಕಮಾನಿನ ಮೇಲೆ ಕಮಾನು, ಎಲ್ಲಿಗೂ ಹೋಗದ ಮೆಟ್ಟಿಲು. ಮೆಟ್ಟಿಲ ಮೇಲೆ ನಮಗೆ ಬೆನ್ನು ಹಾಕಿ ನಿಂತ, ಉಗುರಿನಷ್ಟು ಪುಟ್ಟ ಒಬ್ಬ ಮನುಷ್ಯ.

ಡೆಟ್ರಾಯಿಟ್ ಪಕ್ಕದ ನಾರ್ತ್‌ವಿಲ್‌ನ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ ಅದನ್ನು ತೂಗುಹಾಕಿದೆ. ನನ್ನ ಹೆಂಡತಿ ವಿಮಲ ಮೈಸೂರಿನವಳು. ನೀರು ಹೆಪ್ಪುಗಟ್ಟುವ ಹತ್ತು ಡಿಗ್ರಿ ಫ್ಯಾರನ್‌ಹೀಟ್ ಚಳಿಯಲ್ಲೂ ದೀಪ ಹಚ್ಚುವ ಹೊತ್ತಿಗೆ ಲಕ್ಷ್ಮಿ ಬರಲೆಂದು ಮುಂಬಾಗಿಲು ತೆರೆದಿಡುವವಳು. "ಲಕ್ಷ್ಮಿ ಬರೋದಿರಲಿ, ಹೀಟಿಂಗೆಲ್ಲ ಹೊರಗೆ ಹೋಗತ್ತೆ ಕಣೇ" ಎಂದು ನಾನು ಗೊಣಗುವುದು, ಅವಳು ಕಿವಿಗೇ ಹಾಕಿಕೊಳ್ಳದಿರುವುದು ನಮ್ಮ ನಿತ್ಯದ ಸಂಧ್ಯಾವಂದನೆ. ಅಂಥವಳು ಚಿತ್ರ ನೋಡಿ ಬಿಳಿಚಿಕೊಂಡಳು.

"ರೀ, ಈ ಮನೆಗೆ ಬಾಗಿಲೇ ಇಲ್ವಲ್ರೀ! ಆ ಮನುಷ್ಯ ಹೊರಗೆ ಹೇಗ್ ಬರ್ತಾನೆ?"

ನಕ್ಕೆ. ಆಮೇಲೆ ಭೂತಗನ್ನಡಿ ಹಿಡಿದು ಹುಡುಕಿದೆ. ನಿಜಕ್ಕೂ ಇರಲಿಲ್ಲ. ಹಿಮ ಬೀಳುವ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಅದರ ಜೊತೆ ಒಬ್ಬಳೇ ಇರಬೇಕಾದವಳು ಅವಳು. ಯಾರೋ ಮೆಟ್ಟಿಲು ಹತ್ತಿ ಇಳಿಯುವ ಸದ್ದು ಕೇಳುತ್ತದೆ ಎನ್ನತೊಡಗಿದಳು. ನಮ್ಮದು ಒಂದೇ ಅಂತಸ್ತಿನ ಮನೆ, ಮೆಟ್ಟಿಲೇ ಇರಲಿಲ್ಲ. ಕೊನೆಗೆ, "ಅದನ್ನಾದ್ರೂ ಇಟ್ಕೊಳ್ಳಿ, ನನ್ನನ್ನಾದ್ರೂ ಇಟ್ಕೊಳ್ಳಿ. ನಾನು ಊರಿಗೆ ಹೋಗ್ತೀನಿ" ಎಂದು ಅತ್ತೇಬಿಟ್ಟಳು. ಭಾನುವಾರ ವಾಲ್ಟರ್ ಊಟಕ್ಕೆ ಬರುವವರಿದ್ದರು. ನನಗೆ ಹೆಂಡತಿಯೂ ಬೇಕು, ಕೆಲಸವೂ ಬೇಕು.

ನಕ್ಷೆ ಬರೆಯುವವನ ಬುದ್ಧಿ ಎಲ್ಲಿಗೆ ಓಡೀತು? ಶನಿವಾರ ಮಧ್ಯಾಹ್ನ ಚಿತ್ರದ ಚೌಕಟ್ಟಿನ ಗಾಜು ಬಿಚ್ಚಿ, ಬಣ್ಣ ಹೊಂದಲೆಂದು ಶಾಯಿಗೆ ಒಂದಿಷ್ಟು ಕಾಫಿ ಡಿಕಾಕ್ಷನ್ ಬೆರೆಸಿ, ಅರಮನೆಗೊಂದು ಬಾಗಿಲು ಬರೆದೇಬಿಟ್ಟೆ. ಹೊಸ್ತಿಲನ್ನೂ ಎಳೆದೆ. ವಿಮಲಳ ಮುಖ ಅರಳಿತು.

ಮರುದಿನ ವಾಲ್ಟರ್ ಬಿಸಿಬೇಳೆ ಭಾತಿನ ತಟ್ಟೆ ಹಿಡಿದೇ ಚಿತ್ರದ ಮುಂದೆ ನಿಂತರು. "ಈ ಬಾಗಿಲನ್ನು ನಾನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ" ಎಂದರು ಇಂಗ್ಲಿಷಿನಲ್ಲಿ. ಸದ್ಯ, ಬಚಾವಾದೆ ಅಂದುಕೊಂಡೆ. ಅವರು ಕನ್ನಡಕ ಸರಿಮಾಡಿಕೊಂಡು ಇನ್ನೂ ಬಗ್ಗಿದರು. "ಅದು ಸರಿ, ಇಲ್ಲೊಬ್ಬ ಮನುಷ್ಯ ನಿಂತಿದ್ದನಲ್ಲ?"

ಮೆಟ್ಟಿಲು ಖಾಲಿಯಿತ್ತು. ದೇವರಾಣೆಗೂ ನಾನು ಅವನನ್ನು ಮುಟ್ಟಿರಲಿಲ್ಲ. ವಿಮಲ ಹಪ್ಪಳ ಬಡಿಸುತ್ತಾ, "ಹೊರಗೆ ಬಂದಿರ್ತಾನೆ ಬಿಡಿ ಪಾಪ, ಬಾಗಿಲಿತ್ತಲ್ಲ" ಎಂದಳು ಕನ್ನಡದಲ್ಲಿ, ನನಗಷ್ಟೇ ಕೇಳುವಂತೆ.

ಬಂದ, ಸರಿ. ಆದರೆ ಆ ಬಾಗಿಲಿನ ಈಚೆಗೆ ಇರುವುದು ನಮ್ಮ ಹಾಲ್. ಅವಳು ಈಗ ಅಲ್ಲೇ ಕೂತು ನೆಮ್ಮದಿಯಾಗಿ ಸ್ವೆಟರ್ ಹೆಣೆಯುತ್ತಾಳೆ. ದೀಪ ಹಚ್ಚುವ ಹೊತ್ತಿಗೆ ಕೋಟು ತೊಟ್ಟು ಮುಂಬಾಗಿಲು ತೆರೆದು ಹಿಡಿದು ನಿಲ್ಲುವವನು ಅಂದಿನಿಂದ ಇಂದಿನವರೆಗೂ ನಾನೇ. "ಸಾಕು ಮುಚ್ರೀ, ಲಕ್ಷ್ಮಿ ಬಂದಾಯ್ತು" ಎನ್ನುತ್ತಾಳೆ. "ಇನ್ನೊಂದು ನಿಮಿಷ ಇರೇ" ಎನ್ನುತ್ತೇನೆ. ಬರಬೇಕಾದವಳು ಬಂದಿರಬಹುದು; ಹೋಗಬೇಕಾದವನು ಹೋದನೋ ಇಲ್ಲವೋ, ಯಾರನ್ನು ಕೇಳಲಿ?